ಮಾಯಾದೊಳಗೊಂದು ಸ್ವಂತ ಕಿಟಕಿ

ವಿಂಡೋ, ಕಾಲಮ್‌ಲೇಔಟ್, ಬಟನ್, ಶೋವಿಂಡೋ. ಮಾಯಾ ಎಂಬ ಆನಿಮೇಶನ್ ತಂತ್ರಾಂಶದೊಳಗೆ ಸ್ವಂತದ್ದೊಂದು ಕಿಟಕಿ ತೆರೆಯೋಕೆ ಈ ನಾಲ್ಕು ಪದ ಸಾಕು. ಮೊದಲನೆಯದು ಖಾಲಿ ಚೌಕಟ್ಟು ಮಾಡುತ್ತದೆ. ಎರಡನೆಯದು ಅದರೊಳಗಿನ ಸಾಮಾನುಗಳು ಒಂದರ ಕೆಳಗೊಂದು ಕೂರಬೇಕು ಅಂತ ಹೇಳುತ್ತದೆ. ಮೂರನೆಯದು ಒಂದು ಗುಂಡಿ ಇಡುತ್ತದೆ, ನಾಲ್ಕನೆಯದು ಎಲ್ಲವನ್ನೂ ಪರದೆಯ ಮೇಲೆ ತಂದು ನಿಲ್ಲಿಸುತ್ತದೆ. ಗುಂಡಿಯ ಮೇಲೆ ಏನು ಬರೆದಿರಬೇಕು, ಒತ್ತಿದರೆ ಏನಾಗಬೇಕು ಅನ್ನೋದನ್ನ ಅದೇ ಸಾಲಿನಲ್ಲಿ ಹೇಳಿದರಾಯಿತು. ಬೂದು ಬಣ್ಣದ, ಸರ್ಕಾರಿ ಕಚೇರಿಯ ಕಬ್ಬಿಣದ ಬೀರುವಿನಂಥ ಒಂದು ಕಿಟಕಿ ಎದುರಿಗೆ ಬರುತ್ತದೆ. ಚಂದ ಏನಿಲ್ಲ. ಆದರೆ ಅದು ತಂತ್ರಾಂಶ ಮಾರಿದ ಕಂಪನಿಯದ್ದಲ್ಲ, ನಿಮ್ಮದು.

ಈ 'ನಿಮ್ಮದು' ಅನ್ನುವ ಮಾತಿಗೆ ಒಂದು ಚರಿತ್ರೆ ಇದೆ. ಕಂಪ್ಯೂಟರ್ ಆನಿಮೇಶನ್ನಿನ ಇತಿಹಾಸ ಅಂದಕೂಡಲೇ ಎಲ್ಲರೂ ಡೈನೋಸಾರ್, ಆಟಿಕೆಗಳು, ನೀಲಿ ಬಣ್ಣದ ಅನ್ಯಲೋಕದ ಜನ ಅಂತ ಶುರುಮಾಡುತ್ತಾರೆ. ಪರದೆಯ ಈಚೆ ಕೂತವರ ಕೈಗೆ ಸಿಕ್ಕ ಗುಂಡಿಗಳ ಚರಿತ್ರೆ ಯಾರಿಗೂ ಬೇಡ. ಆ ಗುಂಡಿಗಳನ್ನು ಯಾರು ಇಟ್ಟರು, ಬೇಕಾದ ಹಾಗೆ ಇಟ್ಟುಕೊಳ್ಳುವ ಹಕ್ಕು ಯಾರಿಗೆ ಸಿಕ್ಕಿತು ಅನ್ನೋದು ಸಣ್ಣ ವಿಷಯ ಅಂತ ನನಗೆ ಅನ್ನಿಸಿಲ್ಲ.

ಮೊದಲು, ಇದು ಯಾಕೆ ಬೇಕು ಅನ್ನೋದನ್ನ ನೋಡೋಣ. ಒಂದು ಪಾತ್ರ ಎಡಗೈ ಮುಷ್ಟಿ ಕಟ್ಟಬೇಕು ಅಂದುಕೊಳ್ಳಿ. ಐದು ಬೆರಳು, ಬೆರಳಿಗೆ ಎರಡೋ ಮೂರೋ ಗೆಣ್ಣು. ಒಂದೊಂದನ್ನೂ ಮೌಸಿನಲ್ಲಿ ಹಿಡಿದು, ತಿರುಗಿಸಿ, ಆ ಕ್ಷಣಕ್ಕೆ ಅದು ಇಲ್ಲೇ ಇರಬೇಕು ಅಂತ ಗುರುತು ಹಾಕಬೇಕು. ಆ ಗುರುತಿಗೆ 'ಕೀ' ಅಂತಾರೆ. ಅರ್ಧ ಸೆಕೆಂಡಾದ ಮೇಲೆ ಅದೇ ಮುಷ್ಟಿ ಬಿಚ್ಚಬೇಕು. ಮತ್ತೆ ಅಷ್ಟೂ ಗೆಣ್ಣು. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರ. ಟಾಯ್ ಸ್ಟೋರಿಯ ವುಡಿ ಗೊಂಬೆಯಲ್ಲಿ ಹೀಗೆ ಆಡಿಸಬಹುದಾದ ನಿಯಂತ್ರಣಗಳು 700ಕ್ಕೂ ಹೆಚ್ಚಿದ್ದವು. ಕಂಪ್ಯೂಟರ್ ಆನಿಮೇಶನ್ ಅಂದ್ರೆ ಎಲ್ಲವನ್ನೂ ಕಂಪ್ಯೂಟರೇ ಮಾಡಿಬಿಡುತ್ತೆ ಅಂದುಕೊಂಡವರು ಇದ್ದಾರೆ. ಅದು ಬೀಡಿ ಕಟ್ಟುವಷ್ಟೇ ಕೈಗೆಲಸ. ದಿನಕ್ಕೆ ನೂರು ಸಲ ಮಾಡುವ ಹತ್ತು ಕ್ಲಿಕ್ಕನ್ನು ಒಂದು ಕ್ಲಿಕ್ಕಿಗೆ ಇಳಿಸುವ ಗುಂಡಿ ಬೇಕು ಅನ್ನೋದು ಸೋಮಾರಿತನವಲ್ಲ, ಮಣಿಕಟ್ಟಿನ ಪ್ರಶ್ನೆ.

ವಿಚಿತ್ರ ಏನಂದ್ರೆ, ಕಂಪ್ಯೂಟರಿನಲ್ಲಿ ಚಿತ್ರ ಓಡಿಸಲು ಶುರುಮಾಡಿದ ಕಾಲದಲ್ಲಿ ಗುಂಡಿ, ಕಿಟಕಿ ಹೆಚ್ಚೇನೂ ಇರಲಿಲ್ಲ, ಭಾಷೆ ಇತ್ತು. 1970ರ ದಶಕದ ಮೊದಲರ್ಧದಲ್ಲಿ ಟಾಮ್ ಡಿಫಾಂಟಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ರಾಸ್ ಎಂಬ ಭಾಷೆ ಮಾಡಿದರು. ಗೆರೆಗಳ ಚಿತ್ರವನ್ನು ಸರಿಸು, ತಿರುಗಿಸು, ಹಿಗ್ಗಿಸು ಅಂತ ಟೈಪ್ ಮಾಡಿ ಹೇಳುವ ಭಾಷೆ ಅದು. 1977ರ ಸ್ಟಾರ್ ವಾರ್ಸ್‌ನಲ್ಲಿ ಡೆತ್ ಸ್ಟಾರಿನ ನಕ್ಷೆಯನ್ನು ದೊಡ್ಡ ಪರದೆಯ ಮೇಲೆ ತೋರಿಸುವ ದೃಶ್ಯವಿದೆಯಲ್ಲ, ಲ್ಯಾರಿ ಕ್ಯೂಬಾ ಅದನ್ನು ಮಾಡಿದ್ದು ಗ್ರಾಸ್‌ನಲ್ಲೇ. ಅಂದರೆ ಆಗ ಕಲಾವಿದ ಮತ್ತು ಪ್ರೋಗ್ರಾಮರ್ ಒಬ್ಬನೇ. ಬೇಕಾದ ಸಾಧನವನ್ನು ತಾನೇ ಬರೆದುಕೊಳ್ಳುತ್ತಿದ್ದ, ಬರೆಯೋಕೆ ಬರದಿದ್ದವನಿಗೆ ಬಾಗಿಲೇ ಇರಲಿಲ್ಲ.

ಬಾಗಿಲು ತೆರೆದಿದ್ದು 1980ರ ದಶಕದ ವ್ಯಾಪಾರ. ಕೆನಡಾದ ಟೊರಾಂಟೋದಲ್ಲಿ 1983ರಲ್ಲಿ ಏಲಿಯಸ್, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ 1984ರಲ್ಲಿ ವೇವ್‌ಫ್ರಂಟ್, ಮಾಂಟ್ರಿಯಲ್‌ನಲ್ಲಿ 1986ರಲ್ಲಿ ಸಾಫ್ಟ್‌ಇಮೇಜ್ ಶುರುವಾದವು. ಮೆನು, ಮೌಸ್ ಇರುವ ಸಿದ್ಧ ತಂತ್ರಾಂಶವನ್ನು ಇವು ಮಾರಿದವು. ಪ್ರೋಗ್ರಾಮಿಂಗ್ ಬಾರದ ಚಿತ್ರಕಾರರೂ ಒಳಗೆ ಬಂದರು. ಬಂದವರು ಅಂಗಡಿಯವನು ಹೊಲಿದುಕೊಟ್ಟ ಅಂಗಿಯನ್ನೇ ತೊಡಬೇಕಾಯಿತು. ಅತ್ತ ಪಿಕ್ಸಾರ್, ಪಿಡಿಐ, ರಿದಮ್ ಅಂಡ್ ಹ್ಯೂಸ್ ಥರದ ಮನೆಗಳು ತಮ್ಮದೇ ತಂತ್ರಾಂಶ ಬರೆದುಕೊಂಡವು. ಅಲ್ಲಿ ಆನಿಮೇಟರ್ ಎದ್ದುಹೋಗಿ ಪಕ್ಕದ ಕೋಣೆಯ ಪ್ರೋಗ್ರಾಮರಿಗೆ 'ನನಗೆ ಇಂಥದ್ದೊಂದು ಬೇಕು' ಅಂತ ಹೇಳಬಹುದಿತ್ತು. ಕೊಂಡು ಬಳಸುವವನಿಗೆ ಪಕ್ಕದ ಕೋಣೆ ಇರಲಿಲ್ಲ. ತಂತ್ರಾಂಶ ಸಿಗತೊಡಗಿದ ಹತ್ತು ವರ್ಷದೊಳಗೇ ಹೀಗೆ ಎರಡು ಜಾತಿಗಳಾದವು.

1995ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಏಲಿಯಸ್ ಮತ್ತು ವೇವ್‌ಫ್ರಂಟ್ ಎರಡನ್ನೂ ಕೊಂಡು ಒಂದಾಗಿಸಿತು. ಹೆಸರು ಏಲಿಯಸ್-ವೇವ್‌ಫ್ರಂಟ್, ನಡುವೆ ಒಂದು ನೆಟ್ಟಗಿನ ಗೆರೆ. ಎರಡು ವರ್ಷ ಮುಂಚೆ ವೇವ್‌ಫ್ರಂಟ್ ಫ್ರಾನ್ಸಿನ ಟಿಡಿಐ ಅನ್ನುವ ಕಂಪನಿಯನ್ನೂ ನುಂಗಿತ್ತು. ಮೂರು ಮನೆಯ ಸಾಮಾನು ಒಂದೇ ಮನೆಗೆ ಬಂದ ಮೇಲೆ ಯಾವ ಒಲೆ ಇಟ್ಟುಕೊಳ್ಳೋದು, ಯಾವುದನ್ನ ಅಟ್ಟಕ್ಕೆ ಹಾಕೋದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೂರೂ ಸೇರಿ ಹೊಸದೊಂದು ಮಾಡೋಣ ಅಂತ ಹೊರಟರು. ಅದೇ ಮಾಯಾ. ನಮ್ಮ ಸಂಸ್ಕೃತದ ಪದವನ್ನೇ ಹೆಸರಾಗಿ ಇಟ್ಟುಕೊಂಡಿದ್ದಾರೆ, ಆ ಕತೆ ಇನ್ನೊಂದು ಸಲ.

ಹೊಸ ತಂತ್ರಾಂಶದೊಳಗೆ ಒಂದು ಆಜ್ಞಾಭಾಷೆ ಇರಬೇಕು ಅನ್ನೋದು ಮೊದಲೇ ತೀರ್ಮಾನವಾಗಿತ್ತು. ಶುರುವಿನಲ್ಲಿ ಆರಿಸಿಕೊಂಡಿದ್ದು ಟಿಕಲ್ ಅನ್ನುವ ಭಾಷೆಯನ್ನು. ಅದನ್ನು ಬರ್ಕ್ಲಿಯಲ್ಲಿ ಮಾಡಿದವರು ಜಾನ್ ಔಸ್ಟರ್‌ಹೌಟ್. ಅದರ ಜೋಡಿ ಟಿಕೆ ಎಂಬ ಭಾಗದಿಂದ ಒಂದೊಂದು ಸಾಲಿನಲ್ಲಿ ಗುಂಡಿ, ಕಿಟಕಿ ಮಾಡಬಹುದು ಅನ್ನೋದು ಯೂನಿಕ್ಸ್ ಲೋಕಕ್ಕೆ ಗೊತ್ತಿತ್ತು. ಕಂಪನಿಗಳು ಕೂಡಿದ ಮೇಲೆ ಮನಸ್ಸು ಬದಲಾಯಿತು. ವೇವ್‌ಫ್ರಂಟಿನ ಡೈನಮೇಶನ್ ಎಂಬ ತಂತ್ರಾಂಶದಲ್ಲಿ ಸೋಫಿಯಾ ಅಂತ ಒಂದು ಭಾಷೆ ಇತ್ತು. ಹೊಗೆ, ಕಿಡಿ, ಧೂಳು, ತುಂತುರು ಹೇಗೆ ಹಾರಬೇಕು ಅಂತ ಕಲಾವಿದರು ಅದರಲ್ಲಿ ಬರೆಯುತ್ತಿದ್ದರು. ಡೈನಮೇಶನ್ ರೂಪಿಸಿದ ಜಿಮ್ ಹೌರಿಹಾನ್ ಅವರಿಗೆ ಹಾಲಿವುಡ್ಡಿನ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಆ ಸೋಫಿಯಾದ ತಳಪಾಯದ ಮೇಲೆ ಕಟ್ಟಿದ್ದು ಮಾಯಾ ಎಂಬೆಡೆಡ್ ಲ್ಯಾಂಗ್ವೇಜ್, ಬಾಯಿಮಾತಲ್ಲಿ ಮೆಲ್. ಕಿಡಿ ಹಾರಿಸೋಕೆ ಹುಟ್ಟಿದ ಭಾಷೆಯ ಮಗಳು ಮೆನು ಬರೆಯುವ ಗುಮಾಸ್ತೆಯಾದಳು ಅನ್ನಬಹುದು. ಮೆಲ್ ನೋಡಿದರೆ ಈಗಲೂ ಯೂನಿಕ್ಸಿನ ಮುಖಚಹರೆ ಕಾಣುತ್ತದೆ. ಹೆಸರಿನ ಹಿಂದೆ ಡಾಲರ್ ಚಿಹ್ನೆ, ಆಜ್ಞೆಯ ಹಿಂದೆ ಅಡ್ಡಗೆರೆ ಹಾಕಿದ ಸೂಚನೆಗಳು, ಹಿಮ್ಮೊಗದ ಉದ್ಧರಣ ಚಿಹ್ನೆ. ಆ ಹಿಮ್ಮೊಗದ ಚಿಹ್ನೆ ಕೀಬೋರ್ಡಿನಲ್ಲಿ ಎಲ್ಲಿದೆ ಅಂತ ಹುಡುಕೋದೇ ಎಷ್ಟೋ ಜನರ ಮೊದಲ ಪಾಠ.

ಇದೇ ಹೊತ್ತಿಗೆ ಡಿಸ್ನಿ ಸಂಸ್ಥೆ ಡೈನೋಸಾರ್ ಚಿತ್ರದ ತಯಾರಿಯಲ್ಲಿತ್ತು. ಚಿತ್ರ ತೆರೆಗೆ ಬಂದಿದ್ದು 2000ದಲ್ಲಿ, ಕೆಲಸ ವರ್ಷಗಟ್ಟಲೆ ಮುಂಚೆಯೇ ನಡೆದಿತ್ತು. ಮಾಯಾ ಇನ್ನೂ ಕಟ್ಟುವ ಹಂತದಲ್ಲಿರುವಾಗಲೇ ಡಿಸ್ನಿಯವರು ಅದರ ಜೊತೆಗಿದ್ದರು. ಅವರು ಇಟ್ಟ ಬೇಡಿಕೆ ಒಂದು: ಮೆನು, ಕಿಟಕಿ, ಗುಂಡಿ ಎಲ್ಲವನ್ನೂ ನಮ್ಮ ಕೆಲಸದ ಕ್ರಮಕ್ಕೆ ತಕ್ಕಂತೆ ನಾವೇ ಬದಲಾಯಿಸಿಕೊಳ್ಳುವ ಹಾಗಿರಬೇಕು. ದೊಡ್ಡ ಗಿರಾಕಿ ಕೇಳಿದಾಗ ಇಲ್ಲ ಅನ್ನೋದು ಕಷ್ಟ. ಕಂಪನಿ ಡಿಸ್ನಿಗೆ ಮಾತ್ರ ಒಂದು ವಿಶೇಷ ಆವೃತ್ತಿ ಮಾಡಿಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಹಾಗಾಗಲಿಲ್ಲ. ಡಿಸ್ನಿಗಾಗಿ ತೆರೆದ ಬಾಗಿಲು ಎಲ್ಲರಿಗೂ ತೆರೆದೇ ಉಳಿಯಿತು.

1998ರ ಫೆಬ್ರವರಿಯಲ್ಲಿ ಮಾಯಾ 1.0 ಬಂತು. ಅದರೊಳಗಿನ ಮುಖ್ಯ ಸಂಗತಿ ನನ್ನ ಲೆಕ್ಕದಲ್ಲಿ ಇದು: ಮಾಯಾದ ಸ್ವಂತ ಮೆನುಗಳು, ಸ್ವಂತ ಕಿಟಕಿಗಳು ಬಹುಪಾಲು ಮೆಲ್‌ನಲ್ಲೇ ಬರೆದವಾಗಿದ್ದವು. ತಂತ್ರಾಂಶದ ಹೊಟ್ಟೆಯೊಳಗಿನ ಲೆಕ್ಕಾಚಾರ ಸಿ++ ಭಾಷೆಯದು, ಮುಚ್ಚಿದ ಡಬ್ಬಿ. ಮುಖ ಮಾತ್ರ ಮೆಲ್‌ನದು, ಅದೂ ಸಾದಾ ಪಠ್ಯದ ಕಡತಗಳಲ್ಲಿ. ಸ್ಕ್ರಿಪ್ಟ್ಸ್ ಅನ್ನುವ ಫೋಲ್ಡರಿಗೆ ಹೋಗಿ ನೋಟ್‌ಪ್ಯಾಡಿನಲ್ಲಿ ತೆರೆದರೆ, ಟೊರಾಂಟೋದ ಎಂಜಿನಿಯರು ಗುಂಡಿ ಹೇಗೆ ಇಟ್ಟರು ಅನ್ನೋದು ಸಾಲುಸಾಲಾಗಿ ಕಾಣುತ್ತಿತ್ತು. 'ವಾಟ್‌ಈಸ್' ಅಂತ ಒಂದು ಆಜ್ಞೆಯೂ ಇದೆ. ಇಂಥ ಕೆಲಸ ಯಾವ ಕಡತದಲ್ಲಿದೆ ಅಂತ ಕೇಳಿದರೆ ದಾರಿ ಹೇಳುತ್ತದೆ. ಆ ಕಡತಗಳ ತಲೆಬರಹದಲ್ಲಿ ಕಂಪನಿಯ ಹೆಸರಿನ ಕೆಳಗೆ ದೊಡ್ಡಕ್ಷರದಲ್ಲಿ ಒಂದು ಎಚ್ಚರಿಕೆ: ತಿದ್ದೋದಾದರೆ ನಿಮ್ಮ ಹೊಣೆಯ ಮೇಲೆ ತಿದ್ದಿ. ತಿದ್ದಬೇಡಿ ಅಂತ ಬರೆದಿರಲಿಲ್ಲ, ಗಮನಿಸಿ. ಮಾರುವ ಕಂಪನಿಯೂ ಕೊಳ್ಳುವವನೂ ಒಂದೇ ಸುತ್ತಿಗೆ ಬಳಸುತ್ತಿದ್ದರು ಅನ್ನುವುದು ಅಪರೂಪದ ಸ್ಥಿತಿ.

ಕಲಿಸುವುದಕ್ಕೆ ಇನ್ನೊಂದು ಏರ್ಪಾಡಿತ್ತು. ಸ್ಕ್ರಿಪ್ಟ್ ಎಡಿಟರ್ ಅನ್ನುವ ಎರಡು ಭಾಗದ ಕಿಟಕಿ. ಕೆಳಗೆ ನೀವು ಬರೆಯೋದು, ಮೇಲೆ ಮಾಯಾ ಬರೆಯೋದು. ಮೌಸಿನಲ್ಲಿ ನೀವು ಒಂದು ಗೋಲ ಮಾಡಿದಿರಿ ಅಂದ್ರೆ, ಮೇಲಿನ ಭಾಗದಲ್ಲಿ ಅದೇ ಕೆಲಸದ ಆಜ್ಞೆ ಅಚ್ಚಾಗುತ್ತದೆ. ಸರಿಸಿದಿರಿ, ಇನ್ನೊಂದು ಸಾಲು. ತಿರುಗಿಸಿದಿರಿ, ಮತ್ತೊಂದು. ನೀವು ಕೈಯಲ್ಲಿ ಮಾಡಿದ್ದನ್ನು ಯಂತ್ರ ಬಾಯಲ್ಲಿ ಹೇಳುತ್ತಾ ಹೋಗುತ್ತದೆ. ಆ ಸಾಲುಗಳನ್ನು ಆರಿಸಿ, ಮೌಸಿನ ನಡುಗುಂಡಿಯಲ್ಲಿ ಎಳೆದು ಮೇಲಿನ ಶೆಲ್ಫಿಗೆ ಹಾಕಿದರೆ ಗುಂಡಿ ತಯಾರು. ಒಂದಕ್ಷರ ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಹೀಗೆ ಮೊದಲ ಗುಂಡಿ ಮಾಡಿಕೊಂಡರು. ಗುಂಡಿಗಳು ಹತ್ತಾದಾಗ ಅವಕ್ಕೊಂದು ಕಿಟಕಿ ಬೇಕು ಅನ್ನಿಸಿತು. ಕಿಟಕಿ ಬಂದ ಮೇಲೆ ಜಾರುಪಟ್ಟಿ, ಟಿಕ್ ಹಾಕುವ ಚೌಕ, ಹೆಸರು ಬರೆಯುವ ಖಾನೆ. ಮೇಷ್ಟ್ರಿಲ್ಲದ ಶಾಲೆ ಅದು. ಏಕಲವ್ಯರೇ ಎಲ್ಲ, ಆದರೆ ಹೆಬ್ಬೆರಳು ಉಳಿಸಿಕೊಂಡವರು.

ಹಾಗಂತ ಎಲ್ಲ ಸಲೀಸು ಅಂತ ಅಲ್ಲ. ಮೆಲ್ ಕಿಟಕಿಯ ತಾಪತ್ರಯಗಳು ಬಳಸಿದವರಿಗೇ ಗೊತ್ತು. ಒಂದು ಹೆಸರಿನ ಕಿಟಕಿ ಆಗಲೇ ತೆರೆದಿದ್ದರೆ ಅದೇ ಹೆಸರಲ್ಲಿ ಇನ್ನೊಂದು ಮಾಡೋಕೆ ಮಾಯಾ ಬಿಡೋದಿಲ್ಲ. ಹಾಗಾಗಿ ಎಲ್ಲರ ಸ್ಕ್ರಿಪ್ಟೂ ಒಂದೇ ಶ್ಲೋಕದಿಂದ ಶುರು: ಈ ಹೆಸರಿನ ಕಿಟಕಿ ಇದ್ದರೆ ಮೊದಲು ಅಳಿಸು. 'ಡಿಲೀಟ್‌ಯುಐ' ಅನ್ನುವ ಆ ಸಾಲು ಬರೆಯದ ಮೆಲ್‌ಗಾರ ಇಲ್ಲ. ಇನ್ನೊಂದು, ಕಿಟಕಿಯ ಅಳತೆಯನ್ನು ಮಾಯಾ ನೆನಪಿಟ್ಟುಕೊಳ್ಳುತ್ತದೆ. ನೀವು ಸ್ಕ್ರಿಪ್ಟಿನಲ್ಲಿ ಅಗಲ ಹೆಚ್ಚಿಸಿ ಮತ್ತೆ ಓಡಿಸಿದರೂ ಹಳೆಯ ಅಳತೆಯಲ್ಲೇ ತೆರೆಯುತ್ತದೆ. ನಿಮ್ಮ ಲೆಕ್ಕ ತಪ್ಪಿದೆ ಅಂದುಕೊಂಡು ತಲೆ ಚಚ್ಚಿಕೊಳ್ಳೋದೊಂದೇ ದಾರಿ. ಆ ನೆನಪನ್ನು ಬೇರೆ ಆಜ್ಞೆಯಿಂದ ಅಳಿಸಬೇಕು ಅಂತ ಯಾರೋ ಹೇಳುವವರೆಗೆ. ಗುಂಡಿ ಒತ್ತಿದಾಗ ಆಗಬೇಕಾದ ಕೆಲಸವನ್ನು ಉದ್ಧರಣ ಚಿಹ್ನೆಗಳ ಒಳಗೆ ಬರೆಯಬೇಕು. ಆ ಕೆಲಸದೊಳಗೆ ಮತ್ತೆ ಉದ್ಧರಣ ಬಂದರೆ ಅದರ ಹಿಂದೊಂದು ಓರೆಗೆರೆ. ಅದರೊಳಗೆ ಇನ್ನೊಂದು ಬಂದರೆ, ದೇವರೇ ಗತಿ. ಗುಂಡಿಗಳನ್ನು ಒಂದರ ಕೆಳಗೊಂದು ಇಡೋದು ಸುಲಭ. ಎಡಕ್ಕೊಂದು ಬಲಕ್ಕೊಂದು ಇಟ್ಟು, ಕಿಟಕಿ ಹಿಗ್ಗಿಸಿದರೆ ಅವೂ ಹಿಗ್ಗಬೇಕು ಅಂದ್ರೆ 'ಫಾರ್ಮ್‌ಲೇಔಟ್' ಹಿಡಿಯಬೇಕು. ಯಾವ ಅಂಚು ಯಾವುದಕ್ಕೆ ಅಂಟಬೇಕು ಅಂತ ನಾಲ್ಕು ಕಡೆಗೂ ಬರೆಯುತ್ತಾ ಕೂರುವುದು ಗೋಡೆಗೆ ಬೆಣೆ ಹೊಡೆಯುವ ಕೆಲಸದಂತಿರುತ್ತದೆ.

ಅಂದ ಹಾಗೆ, ಕಂಪನಿಯವರು ಗುಂಡಿಗಳ ಬಗ್ಗೆ ಯೋಚಿಸದೆ ಇರಲಿಲ್ಲ. ಅವರಲ್ಲಿ ಗಾರ್ಡನ್ ಕರ್ಟನ್‌ಬಾಕ್ ಅಂತ ಒಬ್ಬ ಸಂಶೋಧಕರಿದ್ದರು. ಮೌಸನ್ನು ಒಂದು ದಿಕ್ಕಿಗೆ ಗೀಚಿದರೆ ಮೆನು ಓದದೆಯೇ ಆಜ್ಞೆ ನೀಡಬಹುದು ಅನ್ನುವ 'ಮಾರ್ಕಿಂಗ್ ಮೆನು' ಮೇಲೆ 1993ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವರು. ಮಾಯಾದಲ್ಲಿ ಸ್ಪೇಸ್‌ಬಾರ್ ಒತ್ತಿ ಹಿಡಿದರೆ ಎಲ್ಲ ಮೆನುಗಳೂ ಕೈಯ ಸುತ್ತ ಅರಳುತ್ತವಲ್ಲ, ಆ ಹಾಟ್‌ಬಾಕ್ಸ್ ಬಗ್ಗೆ ಅವರೂ ಸಂಗಡಿಗರೂ 1999ರಲ್ಲಿ ಪ್ರಬಂಧ ಬರೆದರು. ಆಗಲೇ ಮಾಯಾದಲ್ಲಿ 1,200ರಷ್ಟು ಆಜ್ಞೆಗಳಿದ್ದವು. ಅಷ್ಟನ್ನೂ ಒಂದೇ ಪರದೆಯಲ್ಲಿ ಹೇಗೆ ತುಂಬೋದು ಅನ್ನೋದು ಅವರ ಪ್ರಶ್ನೆ. ಸೊಗಸಾದ ಕೆಲಸ. ಆದರೆ ಅದು ಎಲ್ಲರಿಗೂ ಎಲ್ಲವನ್ನೂ ಕೊಡುವ ದಾರಿ. ದಿನವಿಡೀ ಕಣ್ಣರೆಪ್ಪೆ ಮಿಟುಕಿಸುವ ಆನಿಮೇಟರಿಗೆ 1,200 ಬೇಕಿಲ್ಲ, ಎಂಟು ಬೇಕು. ಯಾವ ಎಂಟು ಅನ್ನೋದು ಅವನಿಗಷ್ಟೇ ಗೊತ್ತು.

ಮಾಯಾ ಒಂದೇ ಅಲ್ಲ. 3ಡಿ ಸ್ಟುಡಿಯೋ ಮ್ಯಾಕ್ಸ್ 1996ರಲ್ಲಿ ಬಂತು. ಜಾನ್ ವೇನ್‌ರೈಟ್ ಮಾಡಿದ ಮ್ಯಾಕ್ಸ್‌ಸ್ಕ್ರಿಪ್ಟ್ ಅದರ ಎರಡನೇ ಆವೃತ್ತಿಯಿಂದ ಒಳಗೇ ಸೇರಿತು. ಅಲ್ಲಿ ಕಿಟಕಿಗೆ 'ರೋಲ್‌ಔಟ್' ಅಂತ ಹೆಸರು, ಮೆಲ್‌ಗಿಂತ ಅಚ್ಚುಕಟ್ಟು ಅಂತ ಎರಡನ್ನೂ ಬಳಸಿದವರು ಒಪ್ಪುತ್ತಾರೆ. ಸಾಫ್ಟ್‌ಇಮೇಜಿನವರು 2000ದ ಎಕ್ಸ್‌ಎಸ್‌ಐ ಆವೃತ್ತಿಯಲ್ಲಿ ಹೊಸ ಭಾಷೆ ಕಟ್ಟಲು ಹೋಗಲಿಲ್ಲ. ಮೈಕ್ರೋಸಾಫ್ಟಿನ ವಿಬಿಸ್ಕ್ರಿಪ್ಟ್, ಜೆಸ್ಕ್ರಿಪ್ಟ್ ತಂದಿಟ್ಟರು. ಅವರ 'ಸಿನಾಪ್ಟಿಕ್ ವ್ಯೂ' ಮಾತ್ರ ಚತುರ ಉಪಾಯ. ಪಾತ್ರದ ಚಿತ್ರವೊಂದನ್ನು ವೆಬ್ ಪುಟದ ಹಾಗೆ ಇಟ್ಟು, ಮೊಣಕೈ ಮೇಲೆ ಕ್ಲಿಕ್ ಮಾಡಿದರೆ ಮೊಣಕೈ ನಿಯಂತ್ರಣವೇ ಕೈಗೆ ಬರುವಂತೆ ಮಾಡಿದ್ದರು.

ಈ ಚಿತ್ರದ ಮೇಲೆ ಗುಂಡಿ ಅನ್ನುವ ಯೋಚನೆ ಮಾಯಾದಲ್ಲೂ ಬೆಳೆಯಿತು. 'ಪಿಕರ್' ಅಂತ ಕರೆಯುವ ಕಿಟಕಿಗಳಲ್ಲಿ ಪಾತ್ರ ಎದುರಿಗೆ ನಿಂತ ಚಿತ್ರ, ಅಂಗಾಂಗಕ್ಕೊಂದು ಬಣ್ಣದ ಚೌಕ. ಟೋಗಲುಗೊಂಬೆಯವರ ಕೈಯಲ್ಲಿ ಕಡ್ಡಿಗಳಿರುವ ಹಾಗೆ, ಆನಿಮೇಟರಿನ ಕೈಯಲ್ಲಿ ಈ ಚೌಕಗಳು. ಇನ್ನೊಂದು ಹೆಸರಾದ ಕಿಟಕಿ ಟ್ವೀನ್‌ಮೆಶೀನ್. ಕೈಯಲ್ಲಿ ಚಿತ್ರ ಬರೆದು ಆನಿಮೇಶನ್ ಮಾಡುತ್ತಿದ್ದ ಕಾಲದಲ್ಲಿ ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದ ಬರೆಯುತ್ತಿದ್ದ. ಎರಡು ಭಂಗಿಯ ನಡುವಿನ ಚಿತ್ರ ಯಾವ ಕಡೆಗೆ ವಾಲಬೇಕು ಅಂತ ಅಂಚಿನಲ್ಲಿ ಗೆರೆ ಎಳೆದು ಸಹಾಯಕರಿಗೆ ಸೂಚಿಸುತ್ತಿದ್ದ. ಟ್ವೀನ್‌ಮೆಶೀನ್ ಅಂದರೆ ಆ ಸೂಚನೆಯೇ ಜಾರುಪಟ್ಟಿಯಾಗಿ ಬಂದಂತೆ. ಎಡಕ್ಕೆ ಎಳೆದರೆ ಹಿಂದಿನ ಭಂಗಿಗೆ ಹತ್ತಿರ, ಬಲಕ್ಕೆ ಎಳೆದರೆ ಮುಂದಿನದಕ್ಕೆ. ಇದು ತಂತ್ರಾಂಶ ಕಂಪನಿಯ ಸಭೆಯಲ್ಲಿ ಹುಟ್ಟಲಿಲ್ಲ. ಆನಿಮೇಶನ್ ಗೊತ್ತಿದ್ದವರು ಬರೆದು ಹಂಚಿದ್ದು, ಜಗತ್ತಿನ ಎಲ್ಲೆಲ್ಲೋ ಜನ ಇಳಿಸಿಕೊಂಡು ಬಳಸಿದ್ದು. ಈ ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಕಿಟಕಿ ಯಾವುದು ಅಂದ್ರೆ ಇದೇ. ನೂರು ವರ್ಷದ ಕೈಕಸುಬಿನ ತಿಳಿವಳಿಕೆ ಒಂದು ಜಾರುಪಟ್ಟಿಯಲ್ಲಿದೆ.

ಶುರುವಿನಲ್ಲಿ ಮಾಯಾ ಕೊಳ್ಳೋದು ಸುಮ್ಮನೆ ಮಾತಾಗಿರಲಿಲ್ಲ. 2002ರಲ್ಲಿ ಬೆಲೆ ಇಳಿಸಿದಾಗಲೂ ಅದರ ಸಾದಾ ಆವೃತ್ತಿಗೆ 1,999 ಡಾಲರ್. ಅದಕ್ಕೆ ಮುಂಚೆ 7,500. ಅದೇ ಸುಮಾರಿಗೆ ಕಲಿಯುವವರಿಗೆ ಅಂತ ಒಂದು ಉಚಿತ ಆವೃತ್ತಿ ಬಂತು. ಚಿತ್ರದ ಮೇಲೆಲ್ಲ ನೀರುಗುರುತು, ಉಳಿಸಿದ ಕಡತ ಬೇರೆ ಕಡೆ ತೆರೆಯೋದಿಲ್ಲ. ಆದರೂ ಸ್ಕ್ರಿಪ್ಟ್ ಎಡಿಟರ್ ಅದರಲ್ಲೂ ಇತ್ತು. 2003ರಲ್ಲಿ ಮಾಯಾಕ್ಕೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. 2004ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯನ್ನು ಮಾರಿಬಿಟ್ಟಿತು, 2006ರ ಜನವರಿ ಹೊತ್ತಿಗೆ ಅದು ಆಟೊಡೆಸ್ಕಿನ ಕೈಸೇರಿತ್ತು. ಮ್ಯಾಕ್ಸ್ ಮೊದಲೇ ಅವರದ್ದು. 2008ರಲ್ಲಿ ಸಾಫ್ಟ್‌ಇಮೇಜನ್ನೂ ಕೊಂಡರು. ಮೂರು ಎದುರಾಳಿಗಳಿಗೂ ಒಬ್ಬನೇ ಯಜಮಾನ.

2007ರಲ್ಲಿ, ಮಾಯಾ 8.5ರೊಂದಿಗೆ ಪೈಥಾನ್ ಬಂತು. ಮಾಯಾದ ಹೊರಗೆ ಯಾರಿಗೂ ಬೇಡದ ಮೆಲ್ ಕಲಿಯುವ ಬದಲು, ಎಲ್ಲೆಡೆ ಸಲ್ಲುವ ಭಾಷೆ ಕಲಿಯಬಹುದು. ಒಳ್ಳೆಯದೇ. ಮಾಯಾ 2011ರಲ್ಲಿ ಇಡೀ ಮುಖವನ್ನೇ ಕ್ಯೂಟಿ ಎಂಬ ಹೊಸ ಸಲಕರಣೆಯ ಮೇಲೆ ಮತ್ತೆ ಕಟ್ಟಿದರು. ಕ್ಯೂಟಿ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯಲ್ಲಿ ಹುಟ್ಟಿದ್ದು. ಗುಂಡಿಗಳನ್ನು ಮೌಸಿನಲ್ಲಿ ಎಳೆದು ಜೋಡಿಸಿ ಕಿಟಕಿ ವಿನ್ಯಾಸ ಮಾಡಬಹುದು, ಬಣ್ಣ, ನೆರಳು, ದುಂಡಗಿನ ಅಂಚು ಎಲ್ಲ ಉಂಟು. ಕಬ್ಬಿಣದ ಬೀರು ಹೋಗಿ ಶೋರೂಮ್ ಬಂತು.

ನನ್ನ ತಕರಾರು ಇರೋದು ಇಲ್ಲಿ. ಕ್ಯೂಟಿ ಕಿಟಕಿಗೆ ನಾಲ್ಕು ಪದ ಸಾಲದು. ಕ್ಲಾಸ್ ಗೊತ್ತಿರಬೇಕು, ಸಿಗ್ನಲ್-ಸ್ಲಾಟ್ ಗೊತ್ತಿರಬೇಕು. ನಿಮ್ಮ ಕಿಟಕಿ ಮಾಯಾದ ಹಿಂದೆ ಅಡಗಿಕೊಳ್ಳಬಾರದು ಅಂದರೆ ಮಾಯಾದ ಮುಖ್ಯ ಕಿಟಕಿಯ ವಿಳಾಸವನ್ನು ಸಿ++ ಹೊಟ್ಟೆಯಿಂದ ತೆಗೆದು, ಶಿಬೋಕೆನ್ ಅನ್ನುವ ಇನ್ನೊಂದು ಸಾಧನದಿಂದ ಪೈಥಾನಿಗೆ ಅರ್ಥವಾಗುವ ಹಾಗೆ ಸುತ್ತಬೇಕು. ಬಹುಪಾಲು ಜನ ಈ ಮಂತ್ರವನ್ನು ಅರ್ಥ ತಿಳಿಯದೆ ನಕಲು ಮಾಡುತ್ತಾರೆ. ಆಮೇಲೆ ತಳಪಾಯವೇ ಅಲ್ಲಾಡುತ್ತಾ ಹೋಯಿತು. ಮಾಯಾ 2014ರಲ್ಲಿ ಪೈಸೈಡ್ ಜೊತೆಗೇ ಬಂತು, 2017ರಲ್ಲಿ ಅದು ಪೈಸೈಡ್ 2 ಆಯಿತು, 2022ರಲ್ಲಿ ಪೈಥಾನ್ 3 ಬಂತು, 2025ರಲ್ಲಿ ಪೈಸೈಡ್ 6. ಪ್ರತಿ ಸಲವೂ ಹಳೆಯ ಕಿಟಕಿಗಳು ಒಡೆದವು, ಯಾರೋ ಕೂತು ರಿಪೇರಿ ಮಾಡಿದರು. ಬರೆದವರು ಕೆಲಸ ಬಿಟ್ಟುಹೋಗಿದ್ದರೆ ರಿಪೇರಿಯೂ ಇಲ್ಲ. ಇಷ್ಟೂ ಕಾಲ ಆ ಕುರೂಪಿ ಮೆಲ್ ಕಿಟಕಿ ಮಾತ್ರ ಒಡೆಯದೆ ತೆರೆಯುತ್ತಲೇ ಇದೆ.

ಹೀಗಾಗಿ ಕಿಟಕಿ ಕಟ್ಟುವುದು ಬೇರೆ ಕಸುಬಾಯಿತು. ಟೆಕ್ನಿಕಲ್ ಡೈರೆಕ್ಟರ್, ಚಿಕ್ಕದಾಗಿ ಟಿಡಿ. ಡೈರೆಕ್ಟರ್ ಅಂದಕೂಡಲೇ ಮನೆಯವರು ಸಿನಿಮಾ ನಿರ್ದೇಶಕ ಅಂದುಕೊಳ್ಳುತ್ತಾರೆ, ಅದು ಬೇರೆ ಪೇಚು. ದೊಡ್ಡ ಸ್ಟುಡಿಯೋಗಳಲ್ಲಿ ಟಿಡಿಗಳಿಲ್ಲದೆ ಒಂದು ಶಾಟ್ ಮುಂದಕ್ಕೆ ಹೋಗದು. ಕಡತ ಎಲ್ಲಿಂದ ತೆರೆಯಬೇಕು, ಯಾವ ಹೆಸರಲ್ಲಿ ಉಳಿಸಬೇಕು, ಯಾರಿಗೆ ಒಪ್ಪಿಸಬೇಕು ಎಲ್ಲಕ್ಕೂ ಅವರು ಕಟ್ಟಿದ ಕಿಟಕಿಯೇ ಗತಿ. ಗಮನಿಸಿ, ಆನಿಮೇಟರ್ ತನಗಾಗಿ ಮಾಡಿಕೊಳ್ಳುತ್ತಿದ್ದ ಕಿಟಕಿ ಹೀಗೆ ಆನಿಮೇಟರ್ ಮೇಲೆ ಕಣ್ಣಿಡುವ ಕಿಟಕಿಯೂ ಆಯಿತು. ನಾಲ್ಕು ಪದಗಳ ಕಾಲದಲ್ಲಿ ಅಳಿಸಿಹೋಗಿದ್ದ ಪಕ್ಕದ ಕೋಣೆಯ ಗೋಡೆ ಮತ್ತೆ ಎದ್ದಿತು.

ಈ ಗೋಡೆಯನ್ನು ಬೆಂಗಳೂರೂ ನೋಡಿದೆ. ಡ್ರೀಮ್‌ವರ್ಕ್ಸ್ ಸಂಸ್ಥೆ ಟೆಕ್ನಿಕಲರ್ ಜೊತೆ ಸೇರಿ ಇಲ್ಲಿ ತನ್ನದೇ ಘಟಕ ಇಟ್ಟಿತ್ತು. 2011ರ ಪುಸ್ ಇನ್ ಬೂಟ್ಸ್ ಚಿತ್ರದಲ್ಲಿ ಇಲ್ಲಿಯವರ ಕೈ ಇದೆ. ಡ್ರೀಮ್‌ವರ್ಕ್ಸಿನ ಆನಿಮೇಶನ್ ತಂತ್ರಾಂಶ ಎಮೋ, ಹೊರಗೆ ಎಲ್ಲೂ ಸಿಗದ್ದು. ಭಂಗಿ ಕೊಡೋಕೆ ಅಂಕಿಗಳ ಕೋಷ್ಟಕ ತುಂಬಬೇಕಿತ್ತು. 2014ರ ಹೌ ಟು ಟ್ರೈನ್ ಯುವರ್ ಡ್ರ್ಯಾಗನ್ 2 ಹೊತ್ತಿಗೆ ಅದರ ಜಾಗಕ್ಕೆ ಪ್ರಿಮೋ ಬಂತು, ಪೆನ್ನಿನಲ್ಲಿ ಪಾತ್ರದ ಕೈಯನ್ನೇ ಹಿಡಿದು ಎಳೆಯಬಹುದಿತ್ತು. ಅದ್ಭುತವೇ. ಆದರೆ ಮನೆಯೊಳಗಿನ ತಂತ್ರಾಂಶದಲ್ಲಿ ಪಳಗಿದ ಕೈ ಹೊರಗೆ ಬಂದರೆ ಮತ್ತೆ ಅಆಇಈಯಿಂದ ಶುರು. ಹೈದರಾಬಾದ್, ಮುಂಬಯಿಯಲ್ಲೂ ಶಾಖೆಗಳಿದ್ದ ರಿದಮ್ ಅಂಡ್ ಹ್ಯೂಸ್ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಲೈಫ್ ಆಫ್ ಪೈನ ಹುಲಿಗೆ ಆಸ್ಕರ್ ಬಂತು. ಆ ಹುಲಿಯನ್ನು ಆಡಿಸಿದ್ದು ವೂಡೂ ಅನ್ನುವ ಅವರ ಮನೆಯ ತಂತ್ರಾಂಶದಲ್ಲಿ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ಕಚೇರಿಗೂ ಬೀಗ ಬಿತ್ತು. ಕಚೇರಿ ಹೊತ್ತಿನಲ್ಲಿ ಬರೆದ ಸ್ಕ್ರಿಪ್ಟ್ ಕಂಪನಿಯ ಸ್ವತ್ತು ಅನ್ನೋದು ಈ ಉದ್ಯಮದ ಕರಾರುಗಳಲ್ಲಿ ಸಾಮಾನ್ಯ. ಬಾಗಿಲು ಮುಚ್ಚಿದ ಮೇಲೆ ಸರ್ವರಿನಲ್ಲಿ ಉಳಿದ ಕಿಟಕಿಗಳನ್ನು ತೆರೆಯುವವರು ಯಾರು?

ತಂತ್ರಾಂಶವೇ ಸತ್ತರೂ ಇದೇ ಗತಿ. ಸಾಫ್ಟ್‌ಇಮೇಜ್ 2015 ಕೊನೆಯ ಆವೃತ್ತಿ ಅಂತ 2014ರಲ್ಲಿ ಆಟೊಡೆಸ್ಕ್ ಹೇಳಿದ ದಿನ, ಅದರೊಳಗೆ ಜನ ಹದಿನಾಲ್ಕು ವರ್ಷ ಕಟ್ಟಿದ ಸಿನಾಪ್ಟಿಕ್ ಚಿತ್ರಗಳೆಲ್ಲ ಬಾಡಿಗೆ ಮನೆಯ ಗೋಡೆಗೆ ಹೊಡೆದ ಮೊಳೆಗಳಾದವು.

ಬ್ಲೆಂಡರ್ ಕತೆ ಸ್ವಲ್ಪ ಬೇರೆ. 2002ರಲ್ಲಿ ಟಾನ್ ರೂಸೆಂಡಾಲ್ ಜನರಿಂದ 1,00,000 ಯೂರೋ ಏಳು ವಾರದಲ್ಲಿ ಒಟ್ಟುಮಾಡಿ ಅದರ ಮೂಲ ಕೋಡನ್ನು ಬಿಡಿಸಿಕೊಂಡರು. ಅದು ಯಾರೂ ಮುಚ್ಚಲಾಗದ ಅಂಗಡಿ. ಪೈಥಾನ್ ಅದರಲ್ಲಿ ಆಗಲೇ ಇತ್ತು. 2011ರಲ್ಲಿ ಸ್ಥಿರಗೊಂಡ 2.5 ಸರಣಿಯಲ್ಲಿ ಅವರು ಮಾಡಿದ್ದು ಹದಿಮೂರು ವರ್ಷ ಹಿಂದೆ ಟೊರಾಂಟೋದಲ್ಲಿ ಮಾಡಿದ್ದನ್ನೇ: ತಮ್ಮ ಸ್ವಂತ ಪ್ಯಾನೆಲ್, ಮೆನುಗಳನ್ನು ಬಳಕೆದಾರನ ಕೈಗೂ ಸಿಗುವ ಭಾಷೆಯಲ್ಲಿ, ಓದಬಹುದಾದ ಕಡತಗಳಲ್ಲಿ ಬರೆದರು. ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಿದರೆ, ಯಾವುದೇ ಗುಂಡಿಯ ಮೇಲೆ ಮೌಸ್ ಇಟ್ಟಾಗ ಅದರ ಪೈಥಾನ್ ಹೆಸರು ಮೂಡುತ್ತದೆ. ಇನ್ನೊಂದು ಟಿಕ್ ಹಾಕಿ, ಬಲ ಕ್ಲಿಕ್ ಮಾಡಿ 'ಎಡಿಟ್ ಸೋರ್ಸ್' ಅಂದರೆ ಆ ಪ್ಯಾನೆಲ್ ಬರೆದ ಕಡತವೇ ತೆರೆಯುತ್ತದೆ. ಪ್ಯಾನೆಲ್ ಕಟ್ಟೋಕೆ ಇಲ್ಲೂ ಒಂದು ಕ್ಲಾಸ್ ಬೇಕು, ನಿಜ, ಆದರೆ ಸಿದ್ಧ ಮಾದರಿಗಳು ಎಡಿಟರಿನ ಮೆನುವಿನಲ್ಲೇ ಇವೆ. ಹತ್ತು-ಹದಿನೈದು ಸಾಲು, ಅದರಲ್ಲಿ ಅರ್ಧ ಹೆಸರುಗಳು.

ಮಾಯಾದ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಮೆಲ್ ಕಡತಗಳು ಇಂದಿಗೂ ಇವೆ, ಸಾವಿರಗಟ್ಟಲೆ. ಹಕ್ಕುಸ್ವಾಮ್ಯದ ಸಾಲಿನಲ್ಲಿ ಈಗ ಆಟೊಡೆಸ್ಕ್ ಅಂತಿದೆ. ಕೆಲವದರ ತಲೆಬರಹದಲ್ಲಿ ಮಾತ್ರ ಬರೆದ ದಿನಾಂಕ ಹಾಗೇ ಉಳಿದಿದೆ, ಮಾಯಾ ಮಾರುಕಟ್ಟೆಗೆ ಬರುವುದಕ್ಕೂ ಮುಂಚಿನದು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.